ಬಣ್ಣ ತಾಗದ ಚುಕ್ಕೆ

ಮೊಂತೆ ಉರಾನೊ, ಗುರುವಾರ

ತಮ್ಮ ನಜ್ಜರೇನೊಗೆ,

ನೀರ ಮೇಲೆ ನೀಲಿ ಬಣ್ಣ ಸುಳಿಸುಳಿಯಾಗಿ ತೇಲಿಸಿ, ಅದರಲ್ಲಿ ನಾನು ಅದ್ದಿ ತೆಗೆದ ಶೂ ಅಟ್ಟೆಯನ್ನು, ಶೂ ಕಂಪನಿಯವರಿಗೆ ತೋರಿಸುವ ಮಾದರಿಗೆಂದು ನನ್ನ ಕಾರ್ಖಾನೆಯಿಂದ ಒಯ್ದಿದ್ದೆಯಲ್ಲ. ಆಮೇಲೆ ಬಂದು, "ಅಕ್ಕಾ, ಅದು ಯಾರಿಗೂ ಹಿಡಿಸ್ಲಿಲ್ಲ, ಬಿಸಾಕ್ಬಿಟ್ಟೆ" ಎಂದೆ ನೀನು. ನಂಬಿ ಕಾಫಿ ಮಾಡಿಕೊಟ್ಟೆ.

ನಿನ್ನೆ ಫೆರ್ಮೊ ಪೇಟೆಯ ಶೂ ಅಂಗಡಿಯಲ್ಲಿ ಒಂದು ಶೂ ಮಗುಚಿ ನೋಡಿದೆ. ಅದೇ ನೀಲಿ ಸುಳಿ. ಹಿಮ್ಮಡಿಯ ಹತ್ತಿರ, ಅದ್ದುವಾಗ ನನ್ನ ಹೆಬ್ಬೆರಳು ಒತ್ತಿದ್ದಲ್ಲಿ, ಬಣ್ಣ ತಾಗದ ಬಿಳಿ ಚುಕ್ಕೆ. ಉಳಿದ ಜೋಡಿಗಳನ್ನೂ ಮಗುಚಿದೆ. ಎಲ್ಲದರಲ್ಲೂ ಅದೇ ಜಾಗ, ಅದೇ ಚುಕ್ಕೆ.

"ಮಷೀನ್ ಪ್ರಿಂಟು ಕಣಮ್ಮ, ನಜ್ಜರೇನೊ ಅವ್ರದೇ ಡಿಸೈನು" ಎಂದಳು ಅಂಗಡಿಯವಳು.

ಮಷೀನಿಗೆಲ್ಲಿಯ ಹೆಬ್ಬೆರಳು?

ನಿನ್ನ ಹತ್ತಿರ ಇರುವ ನನ್ನ ಕಾರ್ಖಾನೆಯ ಕೀಲಿಯನ್ನು ಅಮ್ಮನ ಕೈಗೆ ಕೊಟ್ಟುಬಿಡು, ಇನ್ನು ಅಲ್ಲಿಗೆ ಕಾಲಿಡಬೇಡ. ಮುಂದಿನ ಸಲ ಅಚ್ಚು ಹಾಕಿಸುವ ಮೊದಲು ಆ ಚುಕ್ಕೆಗೆ ಬಣ್ಣ ತುಂಬಿಸು. ಕಂಡವರೆಲ್ಲ ನನ್ನ ಬೆರಳು ತುಳಿದುಕೊಂಡು ಓಡಾಡುವುದು ಬೇಡ.

ಎರ್ಸಿಲಿಯಾ