ಬೂದಿಯಾದ ಕಿತ್ತಳೆ ಗುಡ್ಡ

ಸ್ಯಾನ್ ರಮೋನ್,
9 ಮಾರ್ಚ್ 2001

ಪ್ರೀತಿಯ ಡಾಕ್ಟರಮ್ಮ ಇಂದುವಿಗೆ, ಮೈಸೂರಿನ ಒಂದೇ ಬೆಂಚಿನ ಗೆಳತಿಯ ನೆನಪುಗಳು.

ಹದಿನೈದು ನಿಮಿಷ ಕಾರು ಓಡಿಸಿದರೆ ಪ್ಲೆಸೆಂಟನ್ನಿನಲ್ಲಿ ಸಿಗುವವಳಿಗೆ ಕಾಗದ ಬರೆಯುತ್ತಿದ್ದೇನೆ, ನನಗೆ ತಲೆ ಕೆಟ್ಟಿದೆ ಅನ್ನಬೇಡ. ನೀನು ಫೋನು ಮಾಡಿದಾಗಲೆಲ್ಲ ಕಲೀಮ್‌ಗೆ ಆಫೀಸು ಜಾಸ್ತಿ ಎಂದೆ. ಸುಳ್ಳು. ಅವರಿಗೆ ಕಣ್ಣು ಹೋಗಿದೆ. ಎದುರಿಗೆ ನಿಂತವರ ನೆರಳಷ್ಟೇ ಕಾಣುತ್ತದೆ.

ಸೆಪ್ಟೆಂಬರಿನಲ್ಲಿ ಅವರಿಗೆ ಕ್ಷಯ ಎಂದು ತಿಳಿಯಿತು. ಇನ್ನು ಹರಡುವುದಿಲ್ಲವೆಂದು ಡಾಕ್ಟರು ಹೇಳಿದ ಮೇಲೆಯೇ ಅಕ್ಟೋಬರಿನಲ್ಲಿ ನಿಮ್ಮನ್ನು ಊಟಕ್ಕೆ ಕರೆದೆ, ಅಷ್ಟು ನಂಬು. ಯಾರಿಗೂ ಹೇಳಲಿಲ್ಲ. ನಾಳೆ ರಮ್ಶಾಳಿಗೆ ಸಂಬಂಧ ನೋಡುವಾಗ ಆ ಮನೆಯಲ್ಲಿ ಕ್ಷಯವಿತ್ತು ಅನ್ನುತ್ತಾರೆಂಬ ಭಯ. ಮಗಳಿಗಿನ್ನೂ ಹತ್ತು ವರ್ಷ. ನನ್ನ ಬುದ್ಧಿ ನೋಡು.

ನವೆಂಬರಿನಲ್ಲಿ ಅವಳ ಸ್ಕೂಲ್ ಪ್ರಾಜೆಕ್ಟಿಗೆಂದು ಓಕ್ಲ್ಯಾಂಡಿನ ಮ್ಯೂಸಿಯಮ್ಮಿಗೆ ಹೋದೆವು. ಎಂಬತ್ತು ವರ್ಷದ ಹಿಂದೆ ಇಲ್ಲಿನವರು ಬರೆದ ಗುಡ್ಡಗಳ ಚಿತ್ರಗಳು. ಉರಿಯುವ ಕಿತ್ತಳೆ ಗುಡ್ಡ, ನೇರಳೆ ನೆರಳು, ಕುಂಕುಮಗೆಂಪು ದಾರಿ. ಒಂದರ ಪಕ್ಕ ಒಂದು, ಹೆದರಿಕೆಯೇ ಇಲ್ಲದೆ ಬಳಿದಿದ್ದರು. ಮನಸ್ಸಿಗೆ ಬಂದ ಬಣ್ಣ ಹಚ್ಚುವ ಧೈರ್ಯ ಆಗ ಹೊಸದಂತೆ, ರಮ್ಶಾ ಇಂಗ್ಲಿಷಿನಲ್ಲಿ ವಿವರಿಸಿದಳು.

ಕಲೀಮ್ ತುಂಬ ಹೊತ್ತು ನೋಡಿ, "ಎಲ್ಲಾ ಬೂದಿ ಬಣ್ಣಾನೇ ಬಳ್ದಿದಾರಲ್ಲಾ, ಇದ್ರಲ್ಲೇನು ಧೈರ್ಯ?" ಎಂದರು.

ತಮಾಷೆ ಎಂದುಕೊಂಡೆ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂದು ಛೇಡಿಸಿದೆ. ರಮ್ಶಾಳೂ ನಕ್ಕಳು. ಅವರು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

ಕ್ಷಯದ ಮಾತ್ರೆಗಳಲ್ಲೊಂದು ಕೆಲವರ ಕಣ್ಣಿನ ನರ ತಿನ್ನುತ್ತದೆ, ಮೊದಲು ಬಣ್ಣ ಹೋಗುತ್ತದೆ ಎಂದು ನಿನಗೆ ನಾನು ಹೇಳಬೇಕೇ? ಕಂಪನಿಯ ಹೊಸ ಪ್ರಾಡಕ್ಟಿನ ಲಾಂಚು ಎಂದು ಅವರು ಕಣ್ಣಿನ ಪರೀಕ್ಷೆಯನ್ನು ಎರಡು ಸಲ ತಪ್ಪಿಸಿದ್ದರು. ಮ್ಯೂಸಿಯಮ್ಮಿಗೆ ಹೋದಂದೇ ಆ ಮಾತ್ರೆ ನಿಲ್ಲಿಸಿದ್ದರೆ ದೃಷ್ಟಿ ಉಳಿಯುತ್ತಿತ್ತೇನೋ. ಇನ್ನೂ ಆರು ವಾರ ನನ್ನ ಕೈಯಾರೆ ಕೊಟ್ಟೆ. ಈಗ ಯಾವ ಡಾಕ್ಟರೂ ಭರವಸೆ ಕೊಡುತ್ತಿಲ್ಲ.

ಕಲೀಮ್ ಯಾರನ್ನೂ ದೂರುವುದಿಲ್ಲ. ನಮಗೇನು ಗೊತ್ತಿತ್ತು ಎನ್ನುತ್ತಾರೆ. ಗುಡ್ಡಗಳೀಗ ಹಸಿರಾಗಿವೆ. ರಮ್ಶಾ ಕಿಟಕಿಯ ಬಳಿ ಕೂತು ಅವರಿಗೆ ಬಣ್ಣ ಹೇಳುತ್ತಾಳೆ, ನಾನು ಅಡುಗೆಮನೆಯಲ್ಲಿ ನಿಂತು ಕೇಳುತ್ತೇನೆ. ಒಮ್ಮೆ ಬಂದು ಹೋಗು.

ನಿನ್ನ,
ಜರೀನಾ

ಮತ್ತೊಂದು ಮಾತು: ಬಣ್ಣ ಮಸುಕಾದರೆ ತಕ್ಷಣ ತಿಳಿಸಿ ಎಂದು ಮಾತ್ರೆ ಡಬ್ಬಿಯ ಮೇಲೇ ಅಂಟಿಸಿದ್ದರು. ನೀವು ಊಟಕ್ಕೆ ಬಂದ ದಿನ, ಕೈ ತೊಳೆಯಲು ಹೋದಾಗ ನಿನ್ನ ಕಣ್ಣಿಗೆ ಮಾತ್ರೆಯ ಹೆಸರು ಬೀಳದಿರಲೆಂದು ಆ ಚೀಟಿಯನ್ನು ಬಿಸಿನೀರಿನಲ್ಲಿ ನೆನೆಸಿ ಕಿತ್ತೆ. ಓದಿಯೇ ಕಿತ್ತೆ. ಕಲೀಮ್‌ಗೆ ಇನ್ನೂ ಹೇಳಿಲ್ಲ.