ನೂರಿಪ್ಪತ್ತೈದಕ್ಕೆ ತೊಂಬತ್ತೇಳು

ಬನಶಂಕರಿ ಎರಡನೇ ಹಂತ,
ಬೆಂಗಳೂರು
1-7-2001, ಭಾನುವಾರ

ಪ್ರೀತಿಯ ಸೊಣ್ಣಮ್ಮ,

ನಿನ್ನ ಎರಡು ಕಾಗದಗಳೂ ಕೈಸೇರಿವೆ. ಯುಗಾದಿಗೆ ಬರೆದದ್ದಕ್ಕೇ ಇನ್ನೂ ಉತ್ತರ ಕೊಟ್ಟಿಲ್ಲ. ನೀನು ಸಿಟ್ಟಾಗಿದ್ದರೆ ಅದು ನ್ಯಾಯವೇ. ಏಪ್ರಿಲ್ ಪೂರ್ತಿ ಎಸ್ಸೆಸ್ಸೆಲ್ಸಿ ಮೌಲ್ಯಮಾಪನದಲ್ಲಿ ಹೋಯಿತು. ಮೇ ತಿಂಗಳಲ್ಲಿ ಫಲಿತಾಂಶ ಬಂತು. ಆಮೇಲಿನ ಐದು ವಾರ ನಾನು ಮನೆಯಲ್ಲಿ ಕೂತದ್ದೇ ಕಡಿಮೆ. ನಿನ್ನ ಮಗನ ಕಾಲಿನ ಪ್ಲಾಸ್ಟರ್ ಬಿಚ್ಚಿದರೆಂದು ಓದಿ ಸಮಾಧಾನವಾಯಿತು. ಸದ್ಯಕ್ಕೆ ಅವನನ್ನು ಸೈಕಲ್ ಹತ್ತಲು ಬಿಡಬೇಡ.

ನನ್ನ ಓಡಾಟವೆಲ್ಲ ಶೈಲಶ್ರೀ ಎಂಬ ಹುಡುಗಿಗಾಗಿ. ಹೋದ ವರ್ಷ ನೀನು ಬಂದಾಗ ಅವಳ ಪ್ರಬಂಧವೊಂದನ್ನು ಓದಿಸಿದ್ದೆ, ಅವ್ವ ರೊಟ್ಟಿ ಬಡಿಯುವ ಸದ್ದಿನ ಮೇಲೆ ಬರೆದದ್ದು. ಅವಳ ಅಪ್ಪ ದುಂಡಪ್ಪ, ಬಾಗಲಕೋಟೆ ಕಡೆಯವರು. ಇಲ್ಲಿ ಲಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಜರಗನಹಳ್ಳಿಯಲ್ಲಿ ಒಂದು ಮಹಡಿ ಮನೆಯ ಹಿಂಭಾಗದಲ್ಲಿ ಬಾಡಿಗೆಗಿದ್ದಾರೆ.

ನಮ್ಮ ಶಾಲೆಯ ಪದ್ಧತಿ ನಿನಗೆ ಗೊತ್ತು. ಎಂಟನೇ ತರಗತಿಗೆ ಬಂದೊಡನೆ ಪ್ರಥಮ ಭಾಷೆ ಯಾವುದೆಂದು ಫಾರಂ ಕೊಡುತ್ತೇವೆ. ನೂರಿಪ್ಪತ್ತು ಮಕ್ಕಳಲ್ಲಿ ನೂರಕ್ಕೂ ಹೆಚ್ಚು ಮಕ್ಕಳು ಸಂಸ್ಕೃತ ಎಂದು ಬರೆಯುತ್ತಾರೆ. ಆ ಭಾಷೆಯ ಮೇಲಿನ ಪ್ರೀತಿಯಿಂದಲ್ಲ. ಅದರಲ್ಲಿ ನೂರಿಪ್ಪತ್ತೈದಕ್ಕೆ ನೂರಿಪ್ಪತ್ತೆರಡು ಸಲೀಸಾಗಿ ಬರುತ್ತದೆ, ಕನ್ನಡದಲ್ಲಿ ನೂರು ದಾಟುವುದೇ ಕಷ್ಟ. ಒಳ್ಳೆಯ ಕಾಲೇಜಿನವರು ನೋಡುವುದು ಒಟ್ಟು ಅಂಕ. ಮೂರು ವರ್ಷದ ಹಿಂದೆ ದುಂಡಪ್ಪನವರು ಫಾರಂ ಹಿಡಿದುಕೊಂಡು ಸ್ಟಾಫ್ ರೂಮಿಗೆ ಬಂದರು. ಎಲ್ಲರೂ ಸಂಸ್ಕೃತ ಅನ್ನುತ್ತಾರೆ, ನೀವು ಹೇಳಿದಂತೆ ಮಾಡುತ್ತೇನೆ ಅಂದರು. ನಾನು ಹೇಳಿದ ಮಾತು ಅಕ್ಷರಶಃ ನೆನಪಿದೆ: "ನಿಮ್ಮ ಮಗಳು ಬರೆಯೋ ಅಂಥ ಕನ್ನಡ ಈ ಶಾಲೇಲಿ ಬೇರೆ ಯಾರೂ ಬರೆಯಲ್ಲ. ಅವಳನ್ನ ನನ್ನ ಹತ್ರ ಬಿಡಿ. ಮಾರ್ಕ್ಸಿನ ಜವಾಬ್ದಾರಿ ನನ್ನದು."

ಆ ಮಾತಿನಲ್ಲಿ ನಿಜವಿತ್ತು. ಸ್ವಾರ್ಥವೂ ಇತ್ತು. ಕನ್ನಡಕ್ಕೆ ಹತ್ತು ಮಕ್ಕಳಾದರೂ ಇಲ್ಲದಿದ್ದರೆ ಆ ವಿಭಾಗವನ್ನೇ ಮುಚ್ಚುವುದಾಗಿ ಆಡಳಿತ ಮಂಡಳಿ ಆ ವರ್ಷ ಹೇಳಿತ್ತು. ಶೈಲಶ್ರೀ ಹತ್ತನೆಯವಳು. ಆಮೇಲೆ ಇನ್ನೊಬ್ಬಳು ಸೇರಿ ಹನ್ನೊಂದಾಯಿತು.

ಈಗ ಅವಳ ಅಂಕ ಕೇಳು. ಗಣಿತ ತೊಂಬತ್ತೊಂಬತ್ತು, ವಿಜ್ಞಾನ ತೊಂಬತ್ತೇಳು. ಕನ್ನಡದಲ್ಲಿ ನೂರಿಪ್ಪತ್ತೈದಕ್ಕೆ ತೊಂಬತ್ತೇಳು. ಉಳಿದ ವಿಷಯಗಳೂ ಸೇರಿ ಆರುನೂರ ಇಪ್ಪತ್ತೈದಕ್ಕೆ ಒಟ್ಟು ಐನೂರ ಐವತ್ತೆಂಟು. ಜಯನಗರದಲ್ಲಿ ಅವಳು ಆಸೆಪಟ್ಟಿದ್ದ ಕಾಲೇಜಿನ ವಿಜ್ಞಾನದ ಪಟ್ಟಿ ಐನೂರ ಎಪ್ಪತ್ತಕ್ಕೆ ನಿಂತಿತು. ಎರಡನೇ ಪಟ್ಟಿ ಬಂದಾಗಲೂ ಐನೂರ ಅರವತ್ತೈದಕ್ಕಿಂತ ಕೆಳಗೆ ಇಳಿಯಲಿಲ್ಲ.

ಆ ಎರಡನೇ ಪಟ್ಟಿ ಹಾಕಿದ ದಿನ ಸಂಜೆ ಅವರ ಮನೆಗೆ ಹೋದೆ. ತಾಯಿ ಕೆಂಚವ್ವ ಚಹಾ ಕೊಟ್ಟರು. ಒಬ್ಬರೂ ನನ್ನನ್ನು ದೂರಲಿಲ್ಲ, ಅದೇ ಕಷ್ಟವಾಯಿತು. ದುಂಡಪ್ಪನವರು ಅಂಕಪಟ್ಟಿಯನ್ನು ಮಡಿಸಿ ಮಡಿಸಿ ಬಿಡಿಸುತ್ತಿದ್ದರು. ಕೊನೆಗೆ ತಗ್ಗಿದ ದನಿಯಲ್ಲಿ, "ಅಕಿ ಬರಿಯೂದು ಚಲೋ ಐತಿ ಅಂತ ನೀವ ಹೇಳಿದ್ರಿ ಮೇಡಂ. ಹಂಗಾದ್ರ ಮಾರ್ಕ್ಸ್ ಯಾಕ ಕೊಡಲಿಲ್ಲ?" ಎಂದರು.

ಹದಿನಾಲ್ಕು ವರ್ಷದಿಂದ ನಾನೂ ಕನ್ನಡದ ಉತ್ತರಪತ್ರಿಕೆ ತಿದ್ದುತ್ತಿದ್ದೇನೆ. ಪ್ರಬಂಧ ಎಷ್ಟೇ ಚೆನ್ನಾಗಿದ್ದರೂ ಐದಕ್ಕೆ ಮೂರೂವರೆ. ಪೂರ್ತಿ ಅಂಕ ಕೊಟ್ಟರೆ ಭಾಷೆಯ ಘನತೆಗೆ ಕುಂದು ಬರುತ್ತದೆಂದು ಕೈ ಬಿಗಿಹಿಡಿದವರು ನಾವು. ನೀನೂ ಅಷ್ಟೇ, ಇಬ್ಬರೂ ಸೇರಿ ಅದರ ಬಗ್ಗೆ ಜಂಬ ಕೊಚ್ಚಿಕೊಂಡದ್ದುಂಟು. ಶೈಲಶ್ರೀಯ ಪತ್ರಿಕೆಯನ್ನು ಯಾವುದೋ ಊರಿನಲ್ಲಿ ನನ್ನಂಥವಳೇ ಒಬ್ಬಳು ತಿದ್ದಿರುತ್ತಾಳೆ.

ಮಾರನೆಯ ದಿನವೇ ಕಾಲೇಜಿಗೆ ಹೋದೆ. ಪ್ರಾಂಶುಪಾಲರಾದ ರಾಮಪ್ರಸಾದರು ಎರಡು ದಿನ ಸಿಗಲಿಲ್ಲ. ಮೂರನೇ ದಿನ ಒಂಬತ್ತು ಗಂಟೆಗೇ ಅವರ ಕೋಣೆಯ ಮುಂದೆ ಕೂತೆ, ಒಳಗೆ ಕರೆದಾಗ ಹನ್ನೆರಡೂವರೆ. ಒರಟು ಮನುಷ್ಯರಲ್ಲ. ಅಂಕಪಟ್ಟಿ ನೋಡಿ ಬುದ್ಧಿವಂತ ಹುಡುಗಿ ಅಂದರು. ನಿಮ್ಮ ಪಟ್ಟಿಯಲ್ಲಿರುವ ಎಷ್ಟೋ ಮಕ್ಕಳಿಗೆ ಗಣಿತ ವಿಜ್ಞಾನದಲ್ಲಿ ಇವಳಿಗಿಂತ ಕಡಿಮೆ ಬಂದಿದೆ, ವಿಜ್ಞಾನದ ಸೀಟಿಗೆ ಅದನ್ನಲ್ಲವೇ ನೋಡಬೇಕು ಎಂದು ವಾದಿಸಿದೆ. ಕಷ್ಟದ ದಾರಿ ಹಿಡಿದವಳಿಗೆ ಅದೇ ಶಿಕ್ಷೆಯಾದರೆ ಹೇಗೆ ಎಂದೂ ಕೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮೇಡಂ, ಎರಡು ಸಾವಿರ ಅರ್ಜಿ ಬಂದಿವೆ. ಕಷ್ಟದ ದಾರಿ ಯಾರದ್ದು, ಸುಲಭದ್ದು ಯಾರದ್ದು ಅಂತ ನಾನು ಹೇಗೆ ಅಳೀಲಿ? ನನಗೆ ಕಾಣೋದು ಟೋಟಲ್ ಮಾತ್ರ. ಅದು ನಿಮಗೂ ಗೊತ್ತಿತ್ತು, ಅವಳು ಎಂಟನೇ ಕ್ಲಾಸಲ್ಲಿದ್ದಾಗಲೇ ಗೊತ್ತಿತ್ತು."

ಕಾಮರ್ಸ್‌ನಲ್ಲಿ ಸೀಟಿದೆ, ಬೇಕಾದರೆ ಇವತ್ತೇ ಸೇರಿಸಿಕೊಳ್ಳುತ್ತೇನೆ ಎಂದೂ ಅಂದರು. ಸಂಜೆ ಅವರ ಮನೆಗೆ ಹೋಗಿ ಈ ಸುದ್ದಿ ಹೇಳಿದಾಗ ದುಂಡಪ್ಪನವರ ಮುಖ ಅರಳಿತು. ಅಷ್ಟು ದೊಡ್ಡ ಕಾಲೇಜು, ಊರಿನಲ್ಲಿ ಹೇಳಿಕೊಳ್ಳಬಹುದು, ಬ್ಯಾಂಕಿನ ಕೆಲಸವಾದರೂ ಸಿಗುತ್ತದೆ ಎಂದು ಅವರ ಲೆಕ್ಕ. ನನಗೂ ಒಂದು ಗಳಿಗೆ ಹಾಗೇ ಅನ್ನಿಸಿತು. ನನ್ನ ತಪ್ಪು ಅರ್ಧಕ್ಕಾದರೂ ಇಳಿಯುತ್ತಿತ್ತಲ್ಲ. ಶೈಲಶ್ರೀ ಬಾಗಿಲ ಬಳಿ ನಿಂತಿದ್ದಳು.

"ಅಪ್ಪಾ, ನನಗ ಗಣಿತ ಬೇಕು. ಕಾಲೇಜು ಯಾವುದಾದ್ರೂ ನಡೀತೈತಿ," ಎಂದಳು. ದನಿ ಏರಿಸಲಿಲ್ಲ, ಅಳಲಿಲ್ಲ. ದುಂಡಪ್ಪನವರು ಹೆಂಡತಿಯ ಮುಖ ನೋಡಿದರು. ಅಕಿ ಓದಾಕಿ, ಅಕಿನ್ನ ಕೇಳ್ರಿ ಎಂದು ಕೆಂಚವ್ವ ಒಳಗೆ ಹೋದರು. ಅಲ್ಲಿಗೆ ಕಾಮರ್ಸಿನ ಮಾತು ಮುಗಿಯಿತು.

ಹೋದ ಸೋಮವಾರ ಅಪ್ಪ, ಮಗಳು, ನಾನು ಮೂವರೂ ಸರ್ಕಾರಿ ಕಾಲೇಜಿಗೆ ಹೋದೆವು. ಗೋಡೆಯ ಸುಣ್ಣ ಉದುರಿದೆ, ಪ್ರಯೋಗಾಲಯದಲ್ಲಿ ಅರ್ಧ ಮೇಜುಗಳಿಗೆ ನಲ್ಲಿಯೇ ಇಲ್ಲ. ಆದರೆ ಅರ್ಜಿ ತೆಗೆದುಕೊಂಡ ಗಣಿತದ ಅಧ್ಯಾಪಕರು, ಚಿಕ್ಕಬೈರಪ್ಪ ಎಂದು ಹೆಸರು, ಅಂಕಪಟ್ಟಿಯನ್ನು ಎರಡು ಸಲ ಓದಿದರು. ಇಷ್ಟು ಮಾರ್ಕ್ಸ್ ತಗೊಂಡು ಇಲ್ಲಿಗ್ಯಾಕಮ್ಮ ಬಂದೆ ಎಂದು ಕೇಳಿದರು. ಗಣಿತ ಕಲಿಯಾಕ್ರಿ ಸಾರ್ ಅಂದಳು. ಅವರು ನಕ್ಕು, ಏಳೂವರೆಗೆ ಬಂದರೆ ಕ್ಲಾಸಿಗೆ ಮುಂಚೆ ಒಂದು ಗಂಟೆ ಹೆಚ್ಚಿಗೆ ಹೇಳಿಕೊಡುತ್ತೇನೆ, ಇನ್ನೂ ನಾಲ್ಕು ಮಕ್ಕಳು ಬರುತ್ತಾರೆ ಎಂದರು. ಬುಧವಾರದಿಂದ ಹೋಗುತ್ತಿದ್ದಾಳೆ. ಆರೂಮುಕ್ಕಾಲಿಗೆ ಕನಕಪುರ ರಸ್ತೆಯಲ್ಲಿ ಬಸ್ಸು ಹಿಡಿಯುತ್ತಾಳಂತೆ. ಎರಡು ವರ್ಷ ಬಿಟ್ಟು ಸಿಇಟಿ ಬರೆಯುವಾಗ ಯಾವ ಕಾಲೇಜೆಂದು ಯಾರೂ ಕೇಳುವುದಿಲ್ಲ ಎಂಬುದು ಅವಳ ಧೈರ್ಯ. ನನ್ನ ಧೈರ್ಯವೂ ಈಗ ಅದೇ.

ನಾನೂ ಕೆಲವು ತೀರ್ಮಾನ ಮಾಡಿದ್ದೇನೆ. ಮುಂದಿನ ಶನಿವಾರ ಎಂಟನೇ ತರಗತಿಯ ಪೋಷಕರ ಸಭೆಯಿದೆ. ಕನ್ನಡದವರಿಗೆ ಎಷ್ಟು ಬಂತು, ಸಂಸ್ಕೃತದವರಿಗೆ ಎಷ್ಟು ಬಂತು, ಅದರಿಂದ ಯಾರಿಗೆ ಯಾವ ಸೀಟು ತಪ್ಪಿತು ಎಂಬುದನ್ನೆಲ್ಲ ಹಲಗೆಯ ಮೇಲೆ ಬರೆದು ಅವರಿಗೆ ತೋರಿಸುತ್ತೇನೆ. ಆಮೇಲೆ ಅವರು ಏನು ಬೇಕಾದರೂ ಆರಿಸಿಕೊಳ್ಳಲಿ. ನಮ್ಮ ಮುಖ್ಯೋಪಾಧ್ಯಾಯರಾದ ಸಿದ್ದಲಿಂಗಯ್ಯನವರು, ಹಾಗೆ ಮಾಡಿದರೆ ನಿಮ್ಮ ವಿಭಾಗವೇ ಉಳಿಯುವುದಿಲ್ಲ ಎಂದು ಎಚ್ಚರಿಸಿದರು. ಮುಚ್ಚುವುದಾದರೆ ಮುಚ್ಚಲಿ ಸಾರ್, ಇನ್ನೊಂದು ಮಗುವಿಗೆ ಸುಳ್ಳು ಭರವಸೆ ಕೊಡಲಾರೆ ಎಂದೆ. ಏಪ್ರಿಲ್‌ನಲ್ಲಿ ಮುಂದಿನ ಮೌಲ್ಯಮಾಪನಕ್ಕೆ ಹೋದಾಗ, ಸರಿಯುತ್ತರಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಮುಖ್ಯ ಮೌಲ್ಯಮಾಪಕರು ಕೇಳಿದರೆ ಅಲ್ಲೇ ಎದ್ದು ನಿಂತು ಕಾರಣ ಹೇಳುತ್ತೇನೆ. ನೀನೂ ಜೊತೆಗಿರಬೇಕು, ಸೊಣ್ಣಾ. ಇಬ್ಬರು ಹೇಳಿದರೆ ನಾಲ್ವರಾದರೂ ಯೋಚಿಸುತ್ತಾರೆ.

ಯಜಮಾನರಿಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಮಗ ಗಟ್ಟಿಯಾಗಿ ಓಡಾಡುವಂತಾಗಲಿ, ನಿನ್ನ ಮನೆಯಲ್ಲಿ ಈ ವರ್ಷ ನಗು ಹೆಚ್ಚಲಿ. ದಸರಾ ರಜೆಗೆ ಬಾ, ಕಾಯುತ್ತಿರುತ್ತೇನೆ.

ಎಂದೆಂದಿಗೂ ನಿನ್ನ,
ಸರಸ್ವತಿ

ಮತ್ತೆ: ನನ್ನ ಮಗಳು ಪ್ರಕೃತಿಯ ಪರೀಕ್ಷೆ ಹೇಗಾಯಿತೆಂದು ಎರಡೂ ಕಾಗದದಲ್ಲಿ ಕೇಳಿದ್ದೀಯ. ಅವಳದೂ ಅದೇ ಶಾಲೆ, ಅದೇ ತರಗತಿ. ಗಣಿತ ಎಂಬತ್ತೆಂಟು, ವಿಜ್ಞಾನ ಎಂಬತ್ತಾರು, ಸಂಸ್ಕೃತ ನೂರಿಪ್ಪತ್ತೆರಡು. ಒಟ್ಟು ಐನೂರ ಎಪ್ಪತ್ತನಾಲ್ಕು. ಜಯನಗರದ ಆ ಕಾಲೇಜಿನ ಮೊದಲನೇ ಪಟ್ಟಿಯಲ್ಲೇ ಹೆಸರಿತ್ತು, ಸೇರಿಸಿದೆ. ದುಂಡಪ್ಪನವರಿಗೆ ಮಾತು ಕೊಟ್ಟ ವಾರದಲ್ಲೇ ನನ್ನ ಮಗಳ ಫಾರಂನಲ್ಲಿ ಸಂಸ್ಕೃತ ಎಂದು ನಾನೇ ಬರೆದು ಸಹಿ ಹಾಕಿದ್ದೆ. ಹೋದ ಸೋಮವಾರ ಸರ್ಕಾರಿ ಕಾಲೇಜಿನ ಗೇಟಿನಲ್ಲಿ, ದುಂಡಪ್ಪನವರು ಫೋಟೋ ತರಲು ಹೋಗಿದ್ದಾಗ, ಇದನ್ನು ಶೈಲಶ್ರೀಗೆ ನನ್ನ ಬಾಯಿಂದಲೇ ಹೇಳಿದೆ. "ನನಗ ಗೊತ್ತೈತ್ರಿ ಮಿಸ್. ಎಂಟನೇ ಕ್ಲಾಸಿನ್ಯಾಗ ಭಾಷಾ ಪಿರಿಯಡ್ ಶುರುವಾದ ದಿನಾನ ಪ್ರಕೃತಿ ಎದ್ದು ಸಂಸ್ಕೃತದ ಕ್ಲಾಸಿಗೆ ಹೋದ್ಲಲ್ರಿ. ನೀವು ಯಾವಾಗ ಹೇಳ್ತೀರಿ ಅಂತ ನೋಡ್ತಿದ್ದೆ," ಎಂದಳು. ಮೂರು ವರ್ಷ ಆ ಹುಡುಗಿ ಮೊದಲನೇ ಬೆಂಚಿನಲ್ಲಿ ಕೂತು ನನ್ನ ಮುಖವನ್ನೇ ನೋಡುತ್ತಿದ್ದಳು ಸೊಣ್ಣಾ. ಪಾಠದ ಮೇಲಿನ ಆಸಕ್ತಿ ಎಂದುಕೊಂಡಿದ್ದೆ.