ಹಿಮದ ನೆಲೆಯಿಂದ ಬಂದ ಕರೆ

೧೧ ಡಿಸೆಂಬರ್ ೧೯೭೭, ಇಂಡಿ. ಬೆಳಿಗ್ಗೆ ೭

ಏರಿಯಲ್ ತಂತಿ ಮತ್ತೆ ಸಡಿಲ. ಬೇವಿನ ಮರ ಹತ್ತಿ ಬಿಗಿದೆ. ಮೊಣಕೈ ತರಚಿತು. ರೇಡಿಯೊ ಸೆಟ್ ಹಚ್ಚಿದರೆ ಒಬ್ಬ ಜಪಾನಿನವ, ಉಳಿದದ್ದೆಲ್ಲ ಬರೀ ಗರಗರ. ಅರ್ಧ ಗಂಟೆ ಮೋರ್ಸ್ ಕೀ ಬಡಿದು ಕರೆದೆ. ಯಾರೂ ಓಗೊಡಲಿಲ್ಲ.

ಹವ್ಯಾಸಕ್ಕೆ ದೂರದೇಶದವರೊಡನೆ ಮಾತಾಡುವ ಹ್ಯಾಮ್ ರೇಡಿಯೊ ಲೈಸೆನ್ಸ್ ಬಂದು ಒಂಬತ್ತು ವರ್ಷ. ಈ ಕಡೆ ನಾವಿಬ್ಬರೇ — ನಾನು, ಮತ್ತು ಬಸವನ ಬಾಗೇವಾಡಿಯಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟ ಅಮೀನುದ್ದೀನ. ಅವನಿಗೆ ಮೋರ್ಸ್ ಕಲಿಸಿದವನು ನಾನು.

೧೭ ಡಿಸೆಂಬರ್

ಅಮೀನುದ್ದೀನ ಸಾಲೆಗೆ ಬಂದಿದ್ದ. ಅಂಟಾರ್ಕ್ಟಿಕಾದ ಒಂದು ಸಂಶೋಧನಾ ನೆಲೆಯಿಂದ ಅವನಿಗೆ, ರೇಡಿಯೊದಲ್ಲಿ ಮಾತಾಡಿದ್ದರ ಗುರುತಿಗೆ, ಕಾರ್ಡ್ ಬಂದಿದೆ. ಪೆಂಗ್ವಿನ್ ಚಿತ್ರ, ಕೆಳಗೆ ಅವನ ಹೆಸರು. ವಾರಕ್ಕೆರಡು ಸಲ ಅವರೊಡನೆ ಮಾತಂತೆ.

"ಮಾಸ್ತರ್ರ, ನೀವು ಹಾಕಿಕೊಟ್ಟ ದಾರಿರಿ ಇದು" ಅಂದ. ಅದೂ ಚುಚ್ಚಿತು.

ಹೆಡ್‌ಮಾಸ್ತರ್ ಚನ್ನಬಸಯ್ಯನವರು ಕಾರ್ಡ್ ತೋರಿಸಲೆಂದು ಅವನನ್ನು ಹತ್ತನೆಯ ವರ್ಗಕ್ಕೆ ಕರೆದೊಯ್ದರು. ನನ್ನ ವರ್ಗಕ್ಕೆ! ನಾನು ಹಿಂದಿನ ಬಾಕಿನಲ್ಲಿ. ಮಕ್ಕಳು ಚಪ್ಪಾಳೆ ತಟ್ಟುವಾಗ ಕೈಯಲ್ಲಿದ್ದ ಸೀಮೆಸುಣ್ಣದ ಖಡು ಪುಡಿಯಾಗಿತ್ತು.

ಮನೆಯಲ್ಲಿ ಗುರವ್ವನೂ ಕಾರ್ಡ್ ಹಿಡಿದು, "ಎಷ್ಟ ಚೆಂದ ಐತಿ!" ಅಂದಳು. ಹೆಂಡತಿಯೂ... ಊಟ ಸೇರಲಿಲ್ಲ.

೨೬ ಡಿಸೆಂಬರ್

ಎಂಟು ದಿನದಿಂದ ಅದೇ ನೆಲೆಯನ್ನು ಕರೆದೆ. ಇವತ್ತು ಉತ್ತರ ಬಂತು: ಇಂಡಿಯಾ? ಅಮೀನ್ ಹೇಗಿದ್ದಾನೆ?

ಸೆಟ್ ಆರಿಸಿದೆ.

೩ ಜನವರಿ ೧೯೭೮. ಬೆಳಿಗ್ಗೆ ೮-೧೫

ಇದ್ದದ್ದನ್ನೇ ಬರೆಯುತ್ತೇನೆ. ಓದುವವರು ಯಾರೂ ಇಲ್ಲ.

೬-೦೮ಕ್ಕೆ ಆ ನೆಲೆ ಕೇಳಿಸಿತು. ತುರ್ತು ಕರೆ. ಡೀಸೆಲ್ ಟ್ಯಾಂಕ್ ಒಡೆದು ತೈಲ ಪೆಂಗ್ವಿನ್‌ಗಳಿರುವ ದಂಡೆಯತ್ತ ಹರಿಯುತ್ತಿದೆ. ಮರಿಗಳ ಕಾಲ. ನೂರು ಮೈಲಿಯಾಚೆ ಬೇರೆ ದೇಶದ ಹಡಗಿದೆ, ಅದರಲ್ಲಿ ತೈಲ ತಡೆಯುವ ತೇಲುಬೇಲಿ ಇದೆ. ಆದರೆ ನೆಲೆಯ ದನಿ ಅಷ್ಟು ಹತ್ತಿರಕ್ಕೆ ಮುಟ್ಟುತ್ತಿಲ್ಲ — ಶಾರ್ಟ್‌ವೇವ್ ಹಾಗೇ, ಹತ್ತಿರದವರನ್ನು ದಾಟಿ ದೂರದಲ್ಲಿ ಇಳಿಯುತ್ತದೆ. ಇಂಡಿಯಲ್ಲಿ ಇಳಿದಿದೆ.

ಆದರೆ ಕರೆಯುತ್ತಿದ್ದದ್ದು ಅಮೀನುದ್ದೀನನ ಕಾಲ್‌ಸೈನ್, ಲೈಸೆನ್ಸಿನೊಡನೆ ಅವನಿಗೆ ಕೊಟ್ಟ ಗುರುತಿನ ಅಕ್ಷರಗಳು. ಮತ್ತೆ ಮತ್ತೆ ಅವನದೇ. ಅವನ ಸೆಟ್ಟಿನ ಟ್ರಾನ್ಸ್‌ಫಾರ್ಮರ್ ಸುಟ್ಟದ್ದು ನನಗೆ ಗೊತ್ತಿತ್ತು. ಮೊನ್ನೆ ಪತ್ರ ಬರೆದಿದ್ದ. ಓದಿ ಒಳಗೊಳಗೇ ಖುಷಿಪಟ್ಟಿದ್ದೆ.

ಕರೀರಿ, ಅವನನ್ನೇ ಕರೀರಿ, ಅಂತ ಕೈಕಟ್ಟಿ ಕೂತೆ.

ಗುರವ್ವ ಚಹಾ ತಂದಳು. ನನ್ನ ಮುಖ ನೋಡಿ, "ಯಾರ್ರಿ ಅದು?" ಅಂದಳು.

"ಅಮೀನುದ್ದೀನನ್ನ ಕರಿಯಾಕತ್ತಾರ. ಏನೋ ಅಪಘಾತ."

"ಅಂವ ಇಲ್ಲದಿದ್ರ ನೀವು ಅದೀರಲ್ರಿ!"

ಚಹಾ ಆರಿತು. ೬-೪೧ಕ್ಕೆ ಕೀ ಮುಟ್ಟಿದೆ.

ಆಮೇಲೆ ಓಡಿದ್ದೇ ಓಡಿದ್ದು — ಅವರು ಹೇಳಿದ್ದನ್ನು ಬರೆದುಕೊಂಡೆ, ಹಡಗನ್ನು ಹುಡುಕಿದೆ, ಸಿಕ್ಕಿತು, ದಾಟಿಸಿದೆ, ಅವರ ಉತ್ತರ ನೆಲೆಗೆ ಮುಟ್ಟಿಸಿದೆ. ಹೆಲಿಕಾಪ್ಟರ್ ಹೊರಟಿತು ಅಂದರು. ನನ್ನ ಕಾಲ್‌ಸೈನ್ ಮೂರು ಸಲ ಕೊಟ್ಟೆ. ನನ್ನದಕ್ಕೂ ಅಮೀನುದ್ದೀನನದಕ್ಕೂ ಕೊನೆಯ ಅಕ್ಷರ ಮಾತ್ರ ಬೇರೆ. ದನಿ ಮಸುಕಾಗುತ್ತಿತ್ತು. ಕೊನೆಗೆ ಬಂದದ್ದು: ಥ್ಯಾಂಕ್ಯೂ, ಅಮೀನ್.

೪ ಜನವರಿ

"ಯಾಕ ಯಾರಿಗೂ ಹೇಳ್ವಲ್ರಿ?" ಗುರವ್ವ. ಸೆಟ್ಟಿಗೆ ಬಟ್ಟೆ ಹೊದಿಸಿ ಸಾಲೆಗೆ ಹೊರಟೆ.

೯ ಮಾರ್ಚ್

ಅಮೀನುದ್ದೀನ ಬಸ್ ಇಳಿದು ನೇರ ಮನೆಗೆ ಬಂದ. ಕೈಯಲ್ಲಿ ಲಕೋಟೆ. ಒಳಗೆ ಅವನ ಹೆಸರಿಗೆ ಧನ್ಯವಾದದ ಪತ್ರ, ಮೂರು ದೇಶದವರ ಸಹಿ — ನೆಲೆಯವರು, ಹಡಗಿನವರು, ಆಮೇಲೆ ಹಕ್ಕಿ ತೊಳೆಯಲು ವಿಮಾನದಲ್ಲಿ ಬಂದವರು. ತಮ್ಮ ತಮ್ಮಲ್ಲಿ ಸರಿಯಿಲ್ಲದ ದೇಶಗಳು, ಒಂದೇ ಕಾಗದದ ಮೇಲೆ.

"ಮಾಸ್ತರ್ರ, ಇದು ನಾನಲ್ರಿ. ನನ್ನ ಸೆಟ್ ಕೆಟ್ಟಿತ್ತು. ನೀವ ಇರಬೇಕು. ಖರೇ ಹೇಳ್ರಿ."

ಹೌದೆಂದು ತಲೆಯಾಡಿಸಿದೆ. ತಬ್ಬಿಕೊಂಡ. ಅವನ ಕಣ್ಣಲ್ಲಿ ನೀರು. ಒಂದಿಷ್ಟಾದರೂ ಹೊಟ್ಟೆಕಿಚ್ಚು ಇರಬಾರದೇ ಅವನಿಗೆ? ಹುಡುಕಿದೆ. ಇರಲಿಲ್ಲ. ಅದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು.

ಅವನು ಹೋದ ಮೇಲೆ ಪತ್ರ ಪೂರ್ತಿ ಓದಿದೆ. ಆರು ಸಾವಿರ ಹಕ್ಕಿ ಉಳಿದವು. ನಾಲ್ಕು ನೂರು ಸತ್ತವು, ಹೆಚ್ಚಿನವು ಮರಿ. ತೈಲ ದಂಡೆ ಮುಟ್ಟಿ ಅರ್ಧ ಗಂಟೆಯ ನಂತರ ಬೇಲಿ ಬಿತ್ತು. 'ನಮ್ಮ ಮೊದಲ ಕರೆಗಳು ಯಾರಿಗೂ ಕೇಳದೇ ಹೋದದ್ದು ದುರದೃಷ್ಟ.'

ಯಾರಿಗೂ ಕೇಳದೇ.

೧೩ ಮಾರ್ಚ್

ಅಮೀನುದ್ದೀನ ನೆಲೆಯವರಿಗೆ ಬರೆದುಬಿಟ್ಟಿದ್ದಾನೆ — ಆ ಗೌರವ ನನ್ನ ಗುರುಗಳದು ಅಂತ. ಚನ್ನಬಸಯ್ಯನವರು ನಾಳೆ ಸಾಲೆಯಲ್ಲಿ ಸತ್ಕಾರ ಇಟ್ಟಿದ್ದಾರೆ. ಶಾಲು ಹೊದಿಸುವವನು ಅವನೇ. ಬಯಸಿದ್ದು ಇದನ್ನೇ ಅಲ್ಲವೇ? ನುಂಗಲಾಗುತ್ತಿಲ್ಲ.

ಗುರವ್ವನಿಗೆ ಎಲ್ಲ ಹೇಳಿದೆ. ಒಲೆಯ ಮೇಲಿನ ಹಾಲು ಇಳಿಸಿದಳು. ಆಮೇಲೆ, "ನಾಳೆ ಅಲ್ಲೂ ಹೇಳ್ತೀರೇನು?" ಅಂದಳು.

ಹೇಳಬೇಕು. ಬಾಯಿ ತಪ್ಪಬಾರದೆಂದು ಬರೆದಿಟ್ಟುಕೊಳ್ಳುತ್ತೇನೆ:

ಮಕ್ಕಳೇ, ಆ ಕರೆ ನನಗೆ ಕೇಳಿಸಿದ್ದು ೬-೪೧ಕ್ಕಲ್ಲ, ೬-೦೮ಕ್ಕೆ. ನಡುವಿನ ಮೂವತ್ತಮೂರು ನಿಮಿಷ ನಾನು ಕೈಕಟ್ಟಿ ಕೂತಿದ್ದೆ. ಯಾಕೆಂದರೆ ಅವರು ಕರೆದ ಹೆಸರು ನನ್ನದಾಗಿರಲಿಲ್ಲ.